ತಮ್ಮ ಕಳಿಸಿದ ಉಪ್ಪುನೀರು

30-8-1963, ಬೆಳಿಗ್ಗೆ

ವೀಳೇದೆಲೆ ಕೊಯ್ದಾಯಿತು. ತೋಟದ ಕೆಲಸದ ಚಾಮುಂಡಮ್ಮ ಕಟ್ಟು ಕಟ್ಟಿ ಮಾರ್ಕೆಟ್ಟಿಗೆ ಹೊತ್ತಳು. ಕಾಫಿಗೆ ಕೂತೆ, ಗುರುಸಿದ್ದ ಬಂದ. ಬೂಟು ಹಾಕಿಕೊಂಡೇ ಎಲೆತೋಟದೊಳಕ್ಕೆ! "ಲೋ, ಬೂಟು ಬಿಚ್ಚೋ, ಬಳ್ಳಿಗೆ ಆಗಲ್ಲ" ಅಂದೆ. ನಕ್ಕ. ಮೇಟಗಳ್ಳಿ ಕಾರ್ಖಾನೆ ಸೇರಿದ ಮೇಲೆ ನಮ್ಮ ತಮ್ಮನ ಕಾಲಿಗೆ ನೆಲ ತಾಗುವುದಿಲ್ಲ.

ಅವನ ಗೋಳು ಇದು. ಅಲ್ಲಿನ ಬೋರ್ ನೀರು ಸವಳು, ಬಾಯ್ಲರಿಗೆ ಆಗದು. ಸಿಹಿ ಮಾಡುವ ಮೆಷೀನ್ ತರಿಸಿದ್ದಾರೆ. ಸಿಹಿನೀರು ಒಂದು ಪೈಪಿನಲ್ಲಿ, ಮಿಕ್ಕ ಉಪ್ಪೆಲ್ಲ ಗಟ್ಟಿ ನೀರಾಗಿ ಇನ್ನೊಂದರಲ್ಲಿ. ಆ ಉಪ್ಪುನೀರಿಗೊಂದು ಗತಿ ಕಾಣಿಸುವುದು ಇವನ ಕೆಲಸ. ತೊಟ್ಟಿಯಲ್ಲಿ ಬಿಸಿಲಿಗೆ ಒಣಗಿಸಲು ನೋಡಿದನಂತೆ. ಮಳೆ ಬಿಡಬೇಕಲ್ಲ... ದಾರಿ ಸಿಗದಿದ್ದರೆ ನೌಕರಿ ಪರ್ಮನೆಂಟ್ ಆಗುವುದಿಲ್ಲ.

"ಅಕ್ಕ, ತೆಂಗಿನ ಬುಡಕ್ಕೆ ಹೆಂಗೂ ಉಪ್ಪು ಹಾಕ್ತೀವಲ್ಲ. ನಾನೇ ಟ್ಯಾಂಕರಲ್ಲಿ ಕಳಿಸ್ತೀನಿ ಬುಡು."

ತವರಿನಿಂದ ಬಂದದ್ದನ್ನು ಬೇಡ ಅನ್ನುವುದುಂಟೇ? ಹೂಂ ಅಂದೆ. ಬೇಲಿ ಸಾಲಿನ ತೆಂಗಿಗೆ ಮಾತ್ರ ಅಂತ ಒತ್ತಿ ಹೇಳಿದ್ದೇನೆ.

14-9-1963

ಟ್ಯಾಂಕರ್ ದಿನಾ ಬರುತ್ತಿದೆ. ಬುಡಕ್ಕೆ ಒಂದು ಹಿಡಿ ಉಪ್ಪು ಹಾಕುವವರು ನಾವು. ಇವರು ಕೆರೆಯನ್ನೇ ಸುರಿಯುತ್ತಿದ್ದಾರೆ. ಬೇಲಿ ಪಕ್ಕ ಕೆಸರೋ ಕೆಸರು. ಕೇಳಿದರೆ ಡ್ರೈವರ್, "ಸಾಹೇಬ್ರು ಯೋಳವ್ರೆ ಕಣಮ್ಮ" ಅನ್ನುತ್ತಾನೆ. ಸಾಹೇಬ್ರು ಅಂದರೆ ನಮ್ಮ ಗುರು! ಮೂಗು ಒರೆಸಿ ಸ್ಕೂಲಿಗೆ ಕಳಿಸಿದವಳು ನಾನು.

19-11-1963

ತುಂಬ ದಿನ ಬರೆಯಲಿಲ್ಲ. ಏನು ಬರೆಯುವುದು, ಮಣ್ಣು?

ಬೇಳೆ ಬೇಯುತ್ತಿಲ್ಲ. ಸೋಪು ನೊರೆ ಕಟ್ಟುತ್ತಿಲ್ಲ. ಟ್ಯಾಂಕರಿನದು ಬಾವಿಗೂ ಇಳಿದಿದೆ; ನೀರು ನಾಲಿಗೆಗೆ ಇಟ್ಟರೆ ಉಪ್ಪು, ಹಿಂದೆಯೇ ಕಹಿ. ಅದನ್ನೇ ಬಳ್ಳಿಗೂ ಹಾಯಿಸುವುದು, ಬೇರೆ ನೀರೆಲ್ಲಿ? ನಮ್ಮ ಬೀದಿಗೆ ನಲ್ಲಿ ಇನ್ನೂ ಬಂದಿಲ್ಲ. ಎಲೆಯ ಅಂಚೆಲ್ಲ ಸುಟ್ಟ ಹಾಗೆ ಕಂದಿದೆ. ಮಾರ್ಕೆಟ್ಟಿನಲ್ಲಿ ಕಟ್ಟು ಬಿಚ್ಚಿ ನೋಡಿ ವಾಪಸ್ ಕೊಟ್ಟರಂತೆ. ಚಾಮುಂಡಮ್ಮ ಅಳುತ್ತಾ ಬಂದಳು. "ಈ ತ್ವಾಟ ಹೋದ್ರೆ ನಾವಿಬ್ರೂ ಏನ್ ತಿನ್ನದು ಅಮ್ಮಾವ್ರೇ?"

ಯಜಮಾನರು ಹೋದ ಮೇಲೆ ನನ್ನನ್ನು ಸಾಕಿದ್ದು ಈ ತೋಟ. ತಮ್ಮನಲ್ಲ, ಯಾರೂ ಅಲ್ಲ. ಗುರುವಿಗೆ ಹೇಳಿ ಕಳಿಸಿದೆ. ಬರಲಿಲ್ಲ. ಟ್ಯಾಂಕರ್ ಮಾತ್ರ ಬಂತು.

2-12-1963, ಸಂಜೆ

ಕೊನೆಗೂ ದಯಮಾಡಿಸಿದ. ನಾಳೆ ಕಾರ್ಖಾನೆಯ ಮ್ಯಾನೇಜರು ತೋಟ ನೋಡಲು ಬರುತ್ತಾರಂತೆ. ಒಪ್ಪಿದರೆ ನಮ್ಮ ಕೆಸರೆ ಊರಿನ ತೆಂಗಿಗೆಲ್ಲ ಇದೇ ನೀರು. ಇವನಿಗೆ ಪರ್ಮನೆಂಟ್. ಚೀಲದಲ್ಲಿ ಬೆಲ್ಲ, ನಿಂಬೆಹಣ್ಣು ತಂದಿದ್ದ.

"ಬರೀ ನೀರು ಕೊಡ್ಬೇಡಕ್ಕ. ಪಾನಕ ಮಾಡ್ಬುಡು. ಗೊತ್ತಾಗಲ್ಲ."

ಅಂದರೆ ಇವನಿಗೆ ಎಲ್ಲ ಗೊತ್ತು! ಕೈ ಹಿಡಿದು ಎಳೆದುಕೊಂಡು ಹೋಗಿ ಬಳ್ಳಿ ತೋರಿಸಿದೆ. "ಮುಂದಿನ ಮಳೆಗೆ ತೊಳ್ಕೊಂಡು ಹೋಗುತ್ತೆ" ಅಂದ. ನನ್ನ ಮುಖ ನೋಡಿ ಅನ್ನಲಿಲ್ಲ.

3-12-1963

ಪಾನಕ ಮಾಡಲಿಲ್ಲ. ಅವರೆದುರಿಗೇ ಬಾವಿ ಸೇದಿದೆ. ಎರಡು ಲೋಟ ತುಂಬಿಸಿ, ಬೆಲ್ಲದ ಚೂರು ಪಕ್ಕಕ್ಕಿಟ್ಟು, ಮ್ಯಾನೇಜರ ಮುಂದೆ ಹಿಡಿದೆ. "ಕುಡೀರಿ ಸ್ವಾಮಿ, ನಮ್ಮ ಬಾವೀದು."

ಅವರು ಕೈ ಚಾಚುವ ಮೊದಲೇ ಗುರು ಲೋಟ ಎತ್ತಿದ. ನನ್ನನ್ನೊಮ್ಮೆ ನೋಡಿದ. ಗಟಗಟ ಕುಡಿದ. ಒಂದು ತೊಟ್ಟೂ ಬಿಡಲಿಲ್ಲ. ಹುಬ್ಬು ಕೂಡ ಅಲುಗಲಿಲ್ಲ.

"ಕಲ್ಲುಸಕ್ಕರೆ ಸಾರ್" ಅಂದ.

"ಸುಳ್ಳು! ಉಪ್ಪು ಸ್ವಾಮಿ, ನೀವೇ ಬಾಯಿಗೆ ಹಾಕ್ಕೊಂಡು ನೋಡಿ!" ಕೂಗಿಯೇ ಬಿಟ್ಟೆ.

"ನಾನು ಹೊರಗಡೆ ನೀರು ಕುಡಿಯಲ್ಲಮ್ಮ" ಅಂದರು. ಫ್ಲಾಸ್ಕ್ ಇತ್ತು ಜೀಪಿನಲ್ಲಿ. "ನಿಮ್ಮ ತಮ್ಮನೇ ಕುಡಿದ್ರಲ್ಲ, ಇನ್ನೇನು?" ಹೋಗಿ ಜೀಪು ಹತ್ತಿದರು.

ಗುರು ಏನೋ ಮರೆತವನಂತೆ ಒಳಗೆ ಓಡಿ ಬಂದ. ಬೈಯುತ್ತಾನೆ ಅಂದುಕೊಂಡೆ. ತುಟಿ ಬಿಳಿಚಿತ್ತು. ಮೆಲ್ಲಗೆ ಕೇಳಿದ — "ಅಕ್ಕ, ಕುಡಿಯಕ್ಕೆ ಬೇರೆ ನೀರಿದ್ಯಾ?"

ಎಲ್ಲಿಂದ ತರಲೋ ಪಾಪಿ, ಅಂದೆ.

5-12-1963, ಬೆಳಿಗ್ಗೆ

ಇವತ್ತು ಮೂರು ಟ್ಯಾಂಕರ್. ಸಾಲಾಗಿ ಹಾರನ್ ಹೊಡೆಯುತ್ತಿವೆ. ಚಾಮುಂಡಮ್ಮ ಕುಡುಗೋಲು ಹಿಡಿದು ಗೇಟಿಗೆ ಅಡ್ಡ ನಿಂತಿದ್ದಾಳೆ. ಗುರುವೇ ಮುಂದೆ ಬಂದಿದ್ದಾನೆ. ಅಕ್ಕಾ, ಅಕ್ಕಾ ಅಂತ ಕರೆಯುತ್ತಿದ್ದಾನೆ. ಕರೆಯಲಿ. ನಾನು ಯಾರ ಅಕ್ಕನೂ ಅಲ್ಲ. ಗೇಟಿನ ಬೀಗ ಎಲ್ಲಿಟ್ಟೆ —