ಕೊಬ್ಬರಿಗೆ ಟೈಲ್ಸ್ ರೂಮು

ಪಂಚಾಯ್ತಿ ಅಧ್ಯಕ್ಷರೂ ನನ್ನ ಸೋದರಮಾವನೂ ಆದ ಮರುಳಸಿದ್ದಯ್ಯನವರಿಗೆ ನಮಸ್ಕಾರ.

ಬಸ್‌ಸ್ಟಾಪಿನ ಹೆಂಗಸರ ಶೌಚಾಲಯದಲ್ಲಿ ನಿಮ್ಮ ಕೊಬ್ಬರಿ ಮೂಟೆ ತುಂಬಿ ಬೀಗ ಹಾಕಿದ್ದೀರಿ ಅಂತ ಹೇಳಿದಾಗಲೆಲ್ಲ "ನೋಡಾಣ ಬುಡಮ್ಮ" ಅಂದಿರಿ. ಅದಕ್ಕೇ ತಮಾಷೆ ನ್ಯೂಸ್ ವಿಡಿಯೊ ಮಾಡಿದೆ: "ನಮ್ಮೂರ ಕೊಬ್ಬರಿಗೆ ಟೈಲ್ಸ್ ರೂಮು, ಹೆಂಗಸರಿಗೆ ತೆಂಗಿನಮರದ ಮರೆ. ಕೊಬ್ಬರಿ ಆರೋಗ್ಯವಾಗಿದೆ."

ತಿಪಟೂರಿನವರೆಗೂ ಜನ ನಕ್ಕರು. ನಿನ್ನೆ ನೀವೇ ಮೂಟೆ ಹೊರಿಸಿ ಬೀಗ ತೆಗೆದಿರಿ, ಸಂತೋಷ.

ವಿಡಿಯೊ ಅಳಿಸ್ತೀನಿ. ಆದರೆ ಸೆರಗಲ್ಲಿ ಮುಖ ಮುಚ್ಚಿಕೊಂಡು ಸುದ್ದಿ ಓದಿದವರ ಹೆಸರು ಮಾತ್ರ ಕೇಳಬೇಡಿ. ಅವರು ಹೇಳಿದ್ದಿಷ್ಟೇ: "ಮನೇಲಿ ಹೇಳಿದ್ರೆ ನಿಮ್ಮಾವ ಕೇಳಿಸ್ಕಳಲ್ಲ ಕಣೇ, ಮೊಬೈಲಲ್ಲಾದ್ರೂ ಕೇಳ್ಲಿ."

ಅತ್ತೇನ ಬೈಯಬೇಡಿ ಮಾವ. ಇವತ್ತು ಊಟಕ್ಕೆ ಕೂತಾಗ ಸ್ವಲ್ಪ ಮಾತಾಡಿಸಿ.

ನಿಮ್ಮ ಸೋದರಸೊಸೆ,
ಇಂಪನಾ