ಯಾರ ಹೆಸರಿಗೂ ಇರದ ನಮ್ಮ ಹೆಸರು

ನವೆಂಬರ್ ೧೪, ಶುಕ್ರವಾರ

ಎಲೈ ಮಹಾಜನರೇ, ಕಿವಿಗೊಟ್ಟು ಕೇಳಿ! ನಮ್ಮ ನಾಟಕ ತಂಡದ ಹೆಸರು ಉಳಿಯಿತು!

ಎದೆಯಲ್ಲಿ ಮುಳ್ಳಾಗಿದ್ದದ್ದು ಒಂದೇ ಮಾತು. ಜಗಳವಾಡಿ ತಂಡ ಬಿಟ್ಟ ನಮ್ಮ ಖಳನಾಯಕನ ಪಾತ್ರಧಾರಿ ಬಾಗಿಲಲ್ಲಿ ನಿಂತು, "ತಂಡದ ಹೆಸರಿನ ವೆಬ್ ವಿಳಾಸ ಆಗಲೇ ನಾನು ತಗೊಂಡಾಯ್ತು. ನೀವು ಬೇರೆ ಹೆಸರು ಹುಡುಕ್ಕೊಳ್ಳಿ!" ಎಂದು ಗುಡುಗಿ ಹೋಗಿದ್ದ. ನಾವೆಲ್ಲ ನಂಬಿಬಿಟ್ಟೆವು. ನಟರಲ್ಲವೇ, ಗಂಟಲು ತುಂಬಿ ಹೇಳಿದ್ದೆಲ್ಲ ನಮಗೆ ಸತ್ಯ! ಪೋಸ್ಟರಿಗೆ ಬೇರೆ ಹೆಸರು ಬರೆಸುವುದೊಂದೇ ಬಾಕಿ.

ಸಂಜೆ ತಾಲೀಮಿನಲ್ಲಿ ಅರಸನ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅತ್ತಿಗೆ ಕೇಳಿದರು: "ಅಲ್ಲ ಮಹಾರಾಯ, ಅವನು ವಿಳಾಸ ತಗೊಂಡಿದ್ದು ನಿಜವಾ ಅಂತ ಯಾರಾದ್ರೂ ನೋಡಿದ್ರಾ?"

"ನೋಡೋಕೆ ಅದೇನು ಗೋಡೆಗೆ ಅಂಟಿಸಿರ್ತಾರಾ?" ಎಂದೆ.

"ಹೆಚ್ಚುಕಡಿಮೆ ಹಾಗೇ. ಹೂಈಸ್ ಅಂತ ಹುಡುಕೋ ಪುಟ ಇದೆ, ಯಾರು ಬೇಕಾದ್ರೂ ನೋಡಬಹುದು. ವಿಳಾಸ ಹಾಕಿದ್ರೆ ಯಾವ ಕಂಪನಿಯಲ್ಲಿ, ಯಾವತ್ತು ನೋಂದಾಯಿಸಿದ್ದು, ಯಾವಾಗ ಅವಧಿ ಮುಗಿಯುತ್ತೆ, ಎಲ್ಲಾ ತೋರಿಸುತ್ತೆ. ಮಾಲೀಕ ತನ್ನ ಹೆಸರು ಮುಚ್ಚಿಡಬಹುದು. ನೋಂದಣಿ ಆಗಿರೋದನ್ನೇ ಮುಚ್ಚಿಡೋಕಾಗಲ್ಲ."

ಫೋನಿನಲ್ಲಿ ವಿಳಾಸ ಒತ್ತಿದೆ. ಬಂತು ಉತ್ತರ: ಇಂಥ ಹೆಸರು ನೋಂದಣಿಯಾಗಿಲ್ಲ!

ಭಲೇ! ಪುಣ್ಯಾತ್ಮ ಬರೀ ಡೈಲಾಗ್ ಹೊಡೆದಿದ್ದ! ನಿಂತ ನಿಲುವಿನಲ್ಲೇ ಆ ವಿಳಾಸ ಕೊಂಡೆವು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹುಡುಕಿದರೆ, ಅಗೋ, ನೋಂದಣಿಯ ಜಾಗದಲ್ಲಿ ಇವತ್ತಿನ ತಾರೀಖು! ನನ್ನ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆರೆದರು.

"ಮೆಲ್ಲಗೆ! ಅವರಿಗೆ ಟಿಕೆಟ್ ಮಾರಬೇಕು ನಾವು" ಎಂದರು ಅತ್ತಿಗೆ.

ಈಗ ಕಣ್ಣು ಎಳೆಯುತ್ತಿದೆ, ನಿದ್ದೆ ಮಾತ್ರ ಇಲ್ಲ. ಇಡೀ ತಂಡವನ್ನು ಒಂದೇ ಮಾತಿನಲ್ಲಿ ನಂಬಿಸಿದನಲ್ಲ, ಅಂಥ ನಟನನ್ನು ಬಿಡುವುದುಂಟೇ? ನಾಳೆ ಬೆಳಿಗ್ಗೆ ಎದ್ದವನೇ ಅವನ ಬಾಗಿಲು ಬಡಿದು, ಕೈಹಿಡಿದು ತಾಲೀಮಿಗೆ ಎಳೆದು ತರುತ್ತೇನೆ!