ನಾಲ್ಕಡಿ ಹತ್ತಂಗುಲ

ಲಿಗಾಯಾ,

ನಾನು ಆಸ್ಪತ್ರೆ ಡ್ಯೂಟಿಗೆ ಹೊರಟೆ. ಕುಕ್ಕರಿನಲ್ಲಿ ಅನ್ನ ಇದೆ, ಹುಳಿ ಸಿನಿಗಾಂಗ್ ಸಾರು ಬಿಸಿ ಮಾಡಿಕೋ. ನಿನ್ನ ನಾಟಕದ ಮಧ್ಯಾಹ್ನದ ಆಟಕ್ಕೆ ಅಜ್ಜಿ ಕರೆದುಕೊಂಡು ಹೋಗುತ್ತಾರೆ. ಮ್ಯಾನ್‌ಹಟನ್ ರೈಲಿನಲ್ಲಿ ಯಾರಾದರೂ ಗುರುತು ಹಿಡಿದರೆ ನಕ್ಕು ಸುಮ್ಮನಿರು, ಹಾಡಲು ಶುರು ಮಾಡಬೇಡ.

ಹೊರಡುವ ಮೊದಲು ಬೆಕ್ಕು ಗಲೀಜು ಮಾಡುವ ಮರಳಿನ ಡಬ್ಬಿ ಶುಚಿ ಮಾಡು. "ದಿನಾ ಸಾವಿರ ಜನ ಎದ್ದು ನಿಂತು ಚಪ್ಪಾಳೆ ತಟ್ತಾರಮ್ಮ, ನಾನು ಇದನ್ನ ಎತ್ಬೇಕಾ?" ಅಂದೆಯಲ್ಲ ನಿನ್ನೆ. ಎತ್ತು, ಅಜ್ಜಿ ಚಪ್ಪಾಳೆ ತಟ್ಟುತ್ತಾರೆ. ದೊಡ್ಡ ನಟಿಯರ ಮೇಕಪ್ ಕೋಣೆಗೆ ಇರುವ ಹಾಗೆ ಬಚ್ಚಲ ಬಾಗಿಲಿಗೆ ನೀನು ಅಂಟಿಸಿರುವ ಚಿನ್ನದ ಬಣ್ಣದ ನಕ್ಷತ್ರವನ್ನೂ ಕಿತ್ತುಹಾಕು. ಪಾಪ, ಅಜ್ಜಿ ಒಳಗೆ ಹೋಗುವುದಕ್ಕೇ ಸಂಕೋಚಪಡುತ್ತಿದ್ದಾರೆ.

ಇನ್ನು ಹಾಲಿನ ವಿಷಯ. ಬೆಕ್ಕು ಯಾಕೆ ಇಷ್ಟು ದಪ್ಪ ಆಗಿದೆ ಅಂತ ನನಗೆ ಗೊತ್ತಾಗುವುದಿಲ್ಲವಾ? ಅಡುಗೆಮನೆ ಬಾಗಿಲಿನ ಮೇಲೆ ನಿನ್ನ ಎತ್ತರಕ್ಕೆ ಹಾಕಿದ್ದ ಪೆನ್ಸಿಲ್ ಗೆರೆ ಅಳಿಸಿರುವುದನ್ನೂ ನೋಡಿದೆ. ಗೆರೆ ಅಳಿಸಿದರೆ ಎತ್ತರ ಇಳಿಯುತ್ತದೇನೇ? ಸೋಮವಾರ ನಾಟಕದವರು ನಿನ್ನನ್ನು ಅಳೆಯುತ್ತಾರೆ. ನಾಲ್ಕಡಿ ಹತ್ತಂಗುಲ ದಾಟಿದರೆ ಪಾತ್ರ ಬೇರೆ ಹುಡುಗಿಗೆ. ಗೊತ್ತು. ಆದರೂ ಮೊಣಕಾಲು ಬಗ್ಗಿಸದೆ ನೆಟ್ಟಗೆ ನಿಲ್ಲು.

ಬೆಳಿಗ್ಗೆ ನೀನು ಮಲಗಿದ್ದಾಗಲೇ ಟೇಪು ಹಿಡಿದು ಅಳೆದೆ. ಹೊಸ ಗೆರೆಯನ್ನು ಪೆನ್ನಿನಲ್ಲೇ ಎಳೆದಿದ್ದೇನೆ. ಹೋಗಿ ನೋಡು. ಅಳು ಬಂದರೆ ಅತ್ತುಬಿಡು, ಆಮೇಲೆ ಹಾಲು ಕುಡಿ.

ಆ ಪಾತ್ರ ಹೋದರೆ ಹೋಗಲಿ. ಬೆಕ್ಕಿನ ಡಬ್ಬಿ ಮಾತ್ರ ನೀನು ಆರಡಿ ಬೆಳೆದರೂ ನಿನ್ನದೇ. ಅದರಿಂದ ನಿನ್ನನ್ನು ಯಾರೂ ತೆಗೆಯುವುದಿಲ್ಲ.

ಅಮ್ಮ